ಕಡಲ ನಡುವಿನ ಸೇವಂತಿಗೆ ಕಾಡು

ಸೇವಂತಿಗೆಯ ಮನೆತನ ನಮಗೆ ಹೊಸದೇನೂ ಅಲ್ಲ. ದೇವರ ಮನೆಗೂ ಹೆಣ್ಣುಮಕ್ಕಳ ಜಡೆಗೂ ಸಲ್ಲುವ ಸೇವಂತಿಗೆ, ಆಯುಧಪೂಜೆಯ ದಿನ ಹೊಸಿಲಿನ ಮೇಲಿಂದ ಹಿಡಿದು ಬಸ್ಸಿನ ಮೂತಿಯವರೆಗೆ ಏರುವ ಚೆಂಡುಹೂವು, ವಿಜಯಪುರ ಧಾರವಾಡಗಳ ಎರೆಹೊಲಗಳಲ್ಲಿ ಮುಳ್ಳುಮುಳ್ಳಾಗಿ ನಿಲ್ಲುವ ಕುಸುಬೆ, ಚಟ್ನಿಪುಡಿಗೆ ರುಚಿ ಕೊಡುವ ಹುಚ್ಚೆಳ್ಳು, ಗದ್ದೆಯ ಬದುವಿನಲ್ಲಿ ಬೆಳೆದು ತಲೆಗೆಣ್ಣೆಗೆ ಒದಗುವ ಗರುಗ, ಇವೆಲ್ಲವೂ ಒಂದೇ ಕುಟುಂಬದ ಸಸ್ಯಗಳು. ಊರ ಹೊರಗಿನ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿ ಮೈಗೆ ತುರಿಕೆ ತರುವ ಪಾರ್ಥೇನಿಯಂ ಕೂಡ ಇದೇ ಮನೆತನದ್ದು. ಯಾವ ದೊಡ್ಡ ಮನೆತನದಲ್ಲಿ ಒಬ್ಬ ಪುಂಡ ಇರುವುದಿಲ್ಲ ಹೇಳಿ! ಹೂಬಿಡುವ ಸಸ್ಯಗಳ ಕುಟುಂಬಗಳಲ್ಲಿ ಇದಕ್ಕಿಂತ ದೊಡ್ಡದು ಆರ್ಕಿಡ್‌ಗಳ ಕುಟುಂಬ ಒಂದು ಇದ್ದೀತು. ಇವೆರಡರಲ್ಲಿ ಹಿರಿಯದು ಯಾವುದೆಂಬ ಲೆಕ್ಕ ಇನ್ನೂ ನಡೆದೇ ಇದೆ.

ಇಷ್ಟು ದೊಡ್ಡ ಸಂಸಾರವಾದರೂ ಇದರ ಬಹುಪಾಲು ಸದಸ್ಯರು ಸಣ್ಣ ಆಳುಗಳು. ಗರುಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಚೆಂಡುಹೂವು ಮೊಣಕಾಲೆತ್ತರ, ಹೆಚ್ಚೆಂದರೆ ಎದೆಮಟ್ಟ. ಸೂರ್ಯಕಾಂತಿ ಆಳುದ್ದ ಬೆಳೆದರೂ ನಾಲ್ಕು ತಿಂಗಳಲ್ಲಿ ಅದರ ಆಟ ಮುಗಿಯಿತು. ಇಂಥ ಕುಟುಂಬದ ಒಂದು ಕವಲು ಸಮುದ್ರದ ನಡುವೆ ಯಾರೂ ಇಲ್ಲದ ಕಡೆ ಹೋಗಿ ನೆಲೆಸಿ, ಪೊದೆಯಾಗಿ, ಮರವಾಗಿ, ಕೊನೆಗೆ ಕಾಡೇ ಆಗಿ ನಿಂತಿತು ಎಂದರೆ ಕೇಳಿದವರಿಗೆ ಅಚ್ಚರಿಯಾದೀತು. ಆ ಕವಲಿನ ಹೆಸರು ಸ್ಕಲೇಸಿಯ. ಅದರ ಮನೆ ಗಲಾಪಗೋಸ್ ದ್ವೀಪಗಳು. ಪ್ರಪಂಚದ ಬೇರಾವ ಭಾಗದಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ.

ಮೊದಲು ಹೂವಿನ ವಿಚಾರ ಒಂದು ಮಾತು. ಸೂರ್ಯಕಾಂತಿಯನ್ನು ನಾವು ಒಂದು ಹೂವು ಎನ್ನುತ್ತೇವೆ; ಅದು ವಾಡಿಕೆಯ ಮಾತು. ನಿಜವಾಗಿ ಅದು ಒಂದು ಹೂವಲ್ಲ, ಹೂವುಗಳ ಸಂತೆ. ನಡುವಣ ತಟ್ಟೆಯಲ್ಲಿ ಒತ್ತೊತ್ತಾಗಿ ಕುಳಿತ ಒಂದೊಂದು ಕಡ್ಡಿಯೂ ಒಂದೊಂದು ಪೂರ್ಣ ಪುಷ್ಪ. ಒಂದೊಂದರಿಂದ ಒಂದೊಂದು ಕಾಳು. ಸುತ್ತಲಿನ ಹಳದಿಯ ಎಸಳುಗಳೂ ಎಸಳುಗಳಲ್ಲ. ಅವೂ ಒಂದೊಂದು ಹೂವೇ. ಸಂತೆಗೆ ಜನ ಸೇರಲೆಂದು ಕಟ್ಟಿದ ತೋರಣದ ಹಾಗೆ ಅವು ದುಂಬಿಗಳನ್ನು ಕರೆಯುತ್ತವೆ, ಸಾಮಾನ್ಯವಾಗಿ ಕಾಳು ಕಟ್ಟುವುದಿಲ್ಲ. ಮನೆಯ ಮಕ್ಕಳ ಕೈಯಲ್ಲಿ ಒಂದು ಸೂರ್ಯಕಾಂತಿಯನ್ನೋ ಚೆಂಡುಹೂವನ್ನೋ ಕೊಟ್ಟು ಬಿಡಿಸಲು ಹೇಳಿ. ಐದು ನಿಮಿಷದಲ್ಲಿ ಈ ಮಾತಿನ ಸತ್ಯ ಗೊತ್ತಾಗುತ್ತದೆ. ಸ್ಕಲೇಸಿಯದ ಹೂವಿನ ರಚನೆಯೂ ಇದೇ. ಹೆಚ್ಚಿನವುಗಳಲ್ಲಿ ತೋರಣ ಮಾತ್ರ ಇಲ್ಲ. ಬಿಳಿಯ ಪುಟ್ಟ ಗುಂಡು, ಅಷ್ಟೆ. ನೋಡಲು ಅಂಥ ಚೆಲುವೇನೂ ಅಲ್ಲ. ಹೂವಿನಂಗಡಿಯಲ್ಲಿಟ್ಟರೆ ಕೊಳ್ಳುವವರು ಸಿಗುವುದು ಕಷ್ಟ. ಅಫೀನಿಸ್ ಎಂಬ ಒಂದು ಪ್ರಭೇದದಲ್ಲಿ ಮಾತ್ರ ಸುತ್ತ ಬಿಳಿಯ ಎಸಳುಗಳಿದ್ದು ಡೇಸಿ ಹೂವಿನ ನೆನಪು ತರುತ್ತದೆ.

ಇನ್ನು ಆ ಸ್ಥಳ. ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ ಎಕ್ವಡಾರ್ ಎಂಬ ದೇಶವಿದೆ. ಅಲ್ಲಿಂದ ಪಡುವಣಕ್ಕೆ ಸುಮಾರು ೧೦೦೦ ಕಿಲೋಮೀಟರ್ ದೂರ, ಭೂಮಧ್ಯರೇಖೆಯ ಮೇಲೆಯೇ ಎನ್ನಬಹುದಾದ ಕಡೆ, ಸಮುದ್ರದ ತಳದಿಂದ ಉಕ್ಕಿ ಬಂದ ಜ್ವಾಲಾಮುಖಿಗಳ ತಲೆಗಳೇ ಈ ದ್ವೀಪಗಳು. ಇವು ಎಂದೂ ಭೂಖಂಡಕ್ಕೆ ಕೂಡಿಕೊಂಡಿದ್ದವಲ್ಲ. ಇಂದು ನೀರಿನ ಮೇಲಿರುವ ದ್ವೀಪಗಳಲ್ಲಿ ಬಹಳ ಹಳೆಯದಕ್ಕೂ ನಾಲ್ಕು ಮಿಲಿಯ ವರ್ಷಕ್ಕಿಂತ ಹೆಚ್ಚು ವಯಸ್ಸಿಲ್ಲ. ಭೂಗೋಳದ ಲೆಕ್ಕದಲ್ಲಿ ಇದು ಕೂಸಿನ ವಯಸ್ಸು. ಭೂಮಧ್ಯರೇಖೆಯೆಂದ ಮಾತ್ರಕ್ಕೆ ಮಲೆನಾಡಿನ ಹಾಗೆ ಹಸಿರು ತುಂಬಿದೆ ಎಂದು ತಿಳಿಯಬಾರದು. ದಕ್ಷಿಣದಿಂದ ಹರಿದುಬರುವ ತಣ್ಣನೆಯ ಸಮುದ್ರಪ್ರವಾಹ ಗಾಳಿಯನ್ನು ತಂಪು ಮಾಡಿ ಮಳೆಯನ್ನು ತಡೆಯುತ್ತದೆ. ಆದ್ದರಿಂದ ದಡದ ಬಳಿ ಕಪ್ಪು ಕಲ್ಲು, ಪಾಪಾಸುಕಳ್ಳಿ, ಒಣ ಕುರುಚಲು. ಆದರೆ ಜೂನ್‌ನಿಂದ ಡಿಸೆಂಬರಿನವರೆಗೆ ಬೆಟ್ಟಗಳ ಮೇಲ್ಭಾಗವನ್ನು ಒಂದು ಬಗೆಯ ಮಂಜು ಮುಸುಕುತ್ತದೆ. ಅಲ್ಲಿನವರು ಇದನ್ನು ಗರುವಾ ಎನ್ನುತ್ತಾರೆ. ಮಡಿಕೇರಿಯ ಮುಂಗಾರಿನಲ್ಲಿ ಮಳೆ ಬಿಟ್ಟಾಗಲೂ ಮರಗಳಿಂದ ತೊಟ್ಟಿಕ್ಕುವ ನೀರನ್ನು ಕಂಡವರಿಗೆ ಗರುವಾ ಹೇಗಿರುತ್ತದೆಂಬ ಕಲ್ಪನೆ ಬರಬಹುದು. ಬುಡದಲ್ಲಿ ಬಿಸಿಲುಸೀಮೆ, ಮುನ್ನೂರು ಮೀಟರು ಮೇಲೇರಿದರೆ ಮಂಜಿನ ಸೀಮೆ. ಒಂದೇ ಬೆಟ್ಟದ ಮೇಲೆ ಎರಡು ಲೋಕಗಳು.

ಹೊಸದಾಗಿ ಹುಟ್ಟಿದ ಬರಿಯ ಕಲ್ಲಿನ ದ್ವೀಪಕ್ಕೆ ಗಿಡಗಳು ಬಂದದ್ದು ಹೇಗೆ? ಹಾರಿ, ತೇಲಿ, ಇಲ್ಲವೆ ಹಕ್ಕಿಗಳ ಹೊಟ್ಟೆಯಲ್ಲೋ ಕಾಲಿನ ಕೆಸರಿನಲ್ಲೋ ಕುಳಿತು. ಸಾವಿರ ಕಿಲೋಮೀಟರು ದಾಟುವ ಈ ಪರೀಕ್ಷೆಯಲ್ಲಿ ನಮ್ಮ ಹಲಸು, ಹೊನ್ನೆ, ಬೀಟೆಗಳಂಥ ದೊಡ್ಡ ಮರಗಳು ತೇರ್ಗಡೆಯಾಗುವುದು ಅಪರೂಪ. ಅವುಗಳ ಬೀಜ ಭಾರ, ಅವಕ್ಕೆ ಬೇಕಾದ ನೆಲವೂ ಆರೈಕೆಯೂ ಹೆಚ್ಚು. ಸೇವಂತಿಗೆ ಕುಟುಂಬದ ಹಗುರವಾದ ಕಾಳುಗಳಿಗೆ ಪ್ರಯಾಣ ಸುಲಭ. ಹೀಗಾಗಿ ದೂರದ ದ್ವೀಪಗಳಲ್ಲಿ ಈ ಕುಟುಂಬದವರು ಮೊದಲು ಬಂದು ಖಾಲಿ ಮನೆಯನ್ನು ಹಿಡಿಯುತ್ತಾರೆ. ಮರಗಳೇ ಇಲ್ಲದ ಊರಿನಲ್ಲಿ ಯಾರು ಸ್ವಲ್ಪ ಎತ್ತರ ಬೆಳೆದರೆ ಬಿಸಿಲು ಅವರ ಪಾಲು. ಒಬ್ಬರಿಗಿಂತ ಒಬ್ಬರು ಎತ್ತರವಾಗುತ್ತ ಹೋಗಿ ಗಿಡ ಪೊದೆಯಾಗುತ್ತದೆ, ಪೊದೆ ಮರವಾಗುತ್ತದೆ. ಈ ವಿವರಣೆಯನ್ನು ಚಾರ್ಲ್ಸ್ ಡಾರ್ವಿನ್ ೧೮೫೯ರ ತನ್ನ ಪ್ರಸಿದ್ಧ ಗ್ರಂಥದಲ್ಲೇ ಕೊಟ್ಟಿದ್ದಾನೆ. ಗಲಾಪಗೋಸ್ ಒಂದೇ ಅಲ್ಲ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾದಲ್ಲಿ, ಹವಾಯಿಯಲ್ಲಿ, ಚಿಲಿ ದೇಶದ ಹುವಾನ್ ಫೆರ್ನಾಂಡೆಜ್ ದ್ವೀಪಗಳಲ್ಲಿ ಸೇವಂತಿಗೆಯ ಬಳಗದವರು ಬೇರೆಬೇರೆಯಾಗಿ ಮರಗಳಾಗಿದ್ದಾರೆ. ಸ್ಕಲೇಸಿಯದ ಮಟ್ಟಿಗೆ ಒಂದು ತಿದ್ದುಪಡಿ ಬೇಕು. ಭೂಖಂಡದಲ್ಲಿ ಅದಕ್ಕೆ ಹತ್ತಿರದ ನಂಟರೆಂದರೆ ಆಂಡೀಸ್ ಪರ್ವತಗಳ ಪ್ಯಾಪೊಬೋಲಸ್ ಎಂಬ ಕುಲದವರು; ಅವರೂ ಪೊದೆಗಳೇ. ಆದ್ದರಿಂದ ಸ್ಕಲೇಸಿಯದ ಮೂಲಪುರುಷ ಬರುವಾಗಲೇ ಸ್ವಲ್ಪ ಗಟ್ಟಿ ಕಾಂಡದವನಾಗಿ ಬಂದಿರಬೇಕು. ಪೊದೆಯನ್ನು ಕಾಡಾಗಿಸಿದ್ದು ಮಾತ್ರ ದ್ವೀಪದ ಕೆಲಸ.

ಬಂದ ಮೇಲೆ ಅದರ ಕಾಳು ಹಾರುವ ವಿದ್ಯೆಯನ್ನು ಮರೆಯಿತು. ಕುಟುಂಬದ ಎಷ್ಟೋ ಗಿಡಗಳ ಕಾಳಿಗೆ ಗಾಳಿಯಲ್ಲಿ ತೇಲುವ ರೇಷ್ಮೆಯ ಕುಚ್ಚು ಇರುತ್ತದೆ. ಸ್ಕಲೇಸಿಯದ ಕಾಳಿಗೆ ಅಂಥ ಕುಚ್ಚಿಲ್ಲ. ಸಣ್ಣ ದ್ವೀಪದಲ್ಲಿ ಹಾರಲು ಹೊರಟ ಕಾಳು ಸಮುದ್ರಕ್ಕೆ ಬೀಳುವುದೇ ಹೆಚ್ಚು. ಉಳಿಯುವುದು ತಾಯಿಯ ಬುಡದಲ್ಲೇ ಉದುರಿದ ಕಾಳು. ಇದರ ಫಲವೆಂದರೆ ಒಂದೊಂದು ದ್ವೀಪದ ಗಿಡವೂ ಅಲ್ಲಲ್ಲೇ ಉಳಿದು, ಅಕ್ಕಪಕ್ಕದ ದ್ವೀಪದವರೊಡನೆ ಕೊಡು ಕೊಳ್ಳುವಿಕೆ ಇಲ್ಲದೆ, ತನ್ನದೇ ಆದ ರೂಪು ತಾಳಿತು. ಇಂದು ಸಸ್ಯಶಾಸ್ತ್ರಜ್ಞರು ಈ ಕುಲದಲ್ಲಿ ೧೫ ಪ್ರಭೇದಗಳನ್ನು ಎಣಿಸುತ್ತಾರೆ. ಹನ್ನೆರಡು ಪೊದೆಗಳು, ಮೂರು ಮರಗಳು. ಒಂದೇ ಜಾಗದಲ್ಲಿ ಎರಡು ಪ್ರಭೇದಗಳು ಜೊತೆಯಾಗಿ ಬಾಳುವುದು ವಿರಳ. ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಅವರವರ ಗಡಿಯಲ್ಲಿ ಅವರವರು.

ಎಲೆಗಳನ್ನು ನೋಡಿದರೆ ಇವು ಒಂದೇ ಕುಲವೆಂದು ನಂಬುವುದು ಕಷ್ಟ. ಕೆಲವದರ ಎಲೆ ಅಗಲವಾಗಿ ಇಡಿಯಾಗಿದೆ. ವಿಲೋಸ ಎಂಬುದರ ಎಲೆ ಕಿರಿದು, ಅದರ ಮೇಲೆಲ್ಲ ಮೆತ್ತನೆಯ ಉದ್ದ ರೋಮ. ಹೆಲ್ಲೆರಿ ಎಂಬುದರ ಎಲೆಯನ್ನು ಕತ್ತರಿ ಹಿಡಿದು ಕೊತ್ತಂಬರಿಯ ಹಾಗೆ ಸೀಳಿಟ್ಟಂತಿದೆ. ಒಣ ಜಾಗದ ಬಿಸಿಲಿನಲ್ಲಿ ಸೀಳಿದ ಎಲೆ ಬೇಗ ತಣಿಯುತ್ತದೆ, ರೋಮದ ಎಲೆ ನೀರನ್ನು ಉಳಿಸಿಕೊಳ್ಳುತ್ತದೆ ಎಂದು ತಿಳಿದವರು ಕಾರಣ ಕೊಡುತ್ತಾರೆ. ಹಿಂದೆ, ಸೀಳು ಎಲೆಯವರೆಲ್ಲ ಒಂದೇ ತಾಯಿಯ ಮಕ್ಕಳಿರಬಹುದೆಂದು ಭಾವಿಸುವುದು ಸಹಜವಾಗಿತ್ತು. ೨೦೨೦ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ಈ ಎಣಿಕೆಯನ್ನು ಕೆಡಿಸಿತು. ಸೀಳು ಎಲೆ ಒಂದು ಸಲ ಹುಟ್ಟಿದ್ದಲ್ಲ. ಬೇರೆ ಬೇರೆ ದ್ವೀಪಗಳಲ್ಲಿ, ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಹುಟ್ಟಿದೆ. ಇಷ್ಟೆಲ್ಲ ವೈವಿಧ್ಯ ನಡೆದದ್ದು ಹತ್ತು ಲಕ್ಷ ವರ್ಷಕ್ಕೂ ಕಡಿಮೆ ಅವಧಿಯಲ್ಲಿರಬೇಕೆಂದೂ ಗೊತ್ತಾಗಿದೆ. ಈ ಕಾರಣದಿಂದಲೇ ಸ್ಕಲೇಸಿಯಕ್ಕೆ ‘ಸಸ್ಯಲೋಕದ ಡಾರ್ವಿನ್ ಫಿಂಚು’ ಎಂಬ ಬಿರುದು ಬಂದಿದೆ.

ಡಾರ್ವಿನ್ನನ ಹೆಸರು ಎರಡನೆಯ ಸಲ ಬಂತು; ಆತನ ಪಾಲನ್ನು ಹೇಳಿಬಿಡೋಣ. ಬೀಗಲ್ ಹಡಗು ಗಲಾಪಗೋಸಿಗೆ ಬಂದದ್ದು ೧೮೩೫ರ ಸೆಪ್ಟೆಂಬರಿನಲ್ಲಿ. ಐದು ವಾರಗಳ ಆ ತಂಗುವಿಕೆಯಲ್ಲಿ ಆತ ನಾಲ್ಕು ದ್ವೀಪಗಳಲ್ಲಿ ಇಳಿದ. ಫಿಂಚ್ ಹಕ್ಕಿಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಹಕ್ಕಿಗಳನ್ನು ಯಾವ ದ್ವೀಪದಲ್ಲಿ ಹಿಡಿದದ್ದೆಂದು ಆತ ಸರಿಯಾಗಿ ಗುರುತು ಹಾಕಿರಲಿಲ್ಲವೆಂಬುದು ಅಷ್ಟಾಗಿ ಗೊತ್ತಿಲ್ಲ. ಗಿಡಗಳ ವಿಷಯದಲ್ಲಿ ಆತ ಹೆಚ್ಚು ಎಚ್ಚರದಿಂದಿದ್ದ. ಹೆಚ್ಚಿನವಕ್ಕೆ ದ್ವೀಪದ ಹೆಸರು ಬರೆದಿಟ್ಟಿದ್ದ. ಆ ಒಣಗಿಸಿದ ಗಿಡಗಳು ಕೇಂಬ್ರಿಜ್ಜಿನ ಹೆನ್ಸ್ಲೋ ಅವರ ಬಳಿ ಕೆಲವು ವರ್ಷ ಇದ್ದು ಕೊನೆಗೆ ಜೋಸೆಫ್ ಹುಕರನ ಕೈಸೇರಿದವು. ಮುಂದೆ ಹಿಮಾಲಯವನ್ನೆಲ್ಲ ಸುತ್ತಿ ನಮ್ಮ ದೇಶದ ಸಸ್ಯಸಂಪತ್ತನ್ನು ಏಳು ಸಂಪುಟಗಳಲ್ಲಿ ಬರೆದಿಟ್ಟ ಹುಕರ್ ಈತನೇ. ಹುಕರ್ ನೋಡಿ ಹೇಳಿದ ಫಲಿತಾಂಶವನ್ನು ಡಾರ್ವಿನ್ ೧೮೪೫ರಲ್ಲಿ ತನ್ನ ಪ್ರವಾಸಗ್ರಂಥದ ಎರಡನೆಯ ಆವೃತ್ತಿಯಲ್ಲಿ ಸೇರಿಸಿದ: ಸ್ಕಲೇಸಿಯದ ಆರು ಪ್ರಭೇದಗಳು ಸಿಕ್ಕಿವೆ, ಅವುಗಳಲ್ಲಿ ಒಂದಾದರೂ ಎರಡು ದ್ವೀಪಗಳಲ್ಲಿ ಬೆಳೆಯುವುದಿಲ್ಲ. ಇಂದಿನ ತಿಳಿವಳಿಕೆಯಲ್ಲಿ ಈ ಮಾತು ಅಕ್ಷರಶಃ ನಿಲ್ಲುವುದಿಲ್ಲ. ಎರಡು ಮೂರು ದ್ವೀಪಗಳಲ್ಲಿ ಬೆಳೆಯುವ ಪ್ರಭೇದಗಳು ಈಗ ಗೊತ್ತಾಗಿವೆ. ಆದರೂ ಜೀವಿಗಳು ಸ್ಥಳಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬ ದೊಡ್ಡ ವಾದಕ್ಕೆ ಈ ಬಡ ಪೊದೆಗಳು ನುಡಿದ ಸಾಕ್ಷ್ಯ ಹಕ್ಕಿಗಳ ಸಾಕ್ಷ್ಯಕ್ಕಿಂತ ಕಡಿಮೆಯದಲ್ಲ. ಹಕ್ಕಿಗೆ ರೆಕ್ಕೆಯಿದೆ, ಹೆಸರೂ ಹಾರಿತು. ಗಿಡ ನಿಂತಲ್ಲೇ ಉಳಿಯಿತು.

ಹೆಸರಿನ ಕಥೆ ಇನ್ನೂ ವಿನೋದವಾಗಿದೆ. ಈ ಕುಲಕ್ಕೆ ೧೮೩೬ರಲ್ಲಿ ನಾಮಕರಣ ಮಾಡಿದವನು ಸ್ಕಾಟ್ಲೆಂಡಿನ ಆರ್ನಟ್ ಎಂಬ ಪಂಡಿತ. ರಾಬರ್ಟ್ ವೈಟ್ ಜೊತೆಗೂಡಿ ದಕ್ಷಿಣ ಭಾರತದ ಸಸ್ಯಗಳ ಬಗ್ಗೆ ಗ್ರಂಥ ಬರೆದವನೂ ಈತನೇ. ಕಾಡರ್ ಕೋಟೆಯಲ್ಲಿದ್ದ ಸ್ಟೇಬಲ್ಸ್ ಎಂಬ ಸಸ್ಯಪ್ರಿಯನ ಗೌರವಾರ್ಥ ಹೆಸರಿಡಬೇಕೆಂದು ಹೊರಟವನು ‘ಸ್ಕೇಲ್ಸ್’ ಎಂದು ತಪ್ಪು ಬರೆದು ಸ್ಕಲೇಸಿಯ ಎಂದಿಟ್ಟ. ತಪ್ಪು ತಿಳಿದ ಮೇಲೆ ಅದನ್ನು ಒಪ್ಪಿಯೂ ಕೊಂಡ. ಆದರೆ ಸಸ್ಯನಾಮಗಳ ಕಾನೂನು ಕಠಿಣವಾದದ್ದು: ವಿಧಿವತ್ತಾಗಿ ಮೊದಲು ಪ್ರಕಟವಾದ ಹೆಸರು ಹೆಸರೇ. ಹೀಗೆ ಗೌರವ ಪಡೆಯಬೇಕಾದವನ ಹೆಸರು ಇಲ್ಲ, ಇಲ್ಲದ ಮನುಷ್ಯನ ಹೆಸರು ಶಾಶ್ವತ. ಶಾಲೆಯ ರಿಜಿಸ್ಟರಿನಲ್ಲಿ ಮೇಷ್ಟರು ಬರೆದ ಹೆಸರೇ ಬದುಕಿನುದ್ದಕ್ಕೂ ಅಂಟಿಕೊಂಡವರು ನಮ್ಮಲ್ಲೂ ಉಂಟಷ್ಟೆ.

ಇನ್ನು ಕಾಡಿನೊಳಕ್ಕೆ ಹೋಗೋಣ. ಮೂರು ಮರಗಳಲ್ಲಿ ದೊಡ್ಡದು ಪೆಡಂಕ್ಯುಲೇಟ ಎಂಬ ಪ್ರಭೇದ. ಸಾಂತಾ ಕ್ರೂಸ್ ಮೊದಲಾದ ನಾಲ್ಕು ದ್ವೀಪಗಳ ಮಂಜಿನ ಪಟ್ಟಿಯಲ್ಲಿ ಇದರ ವಾಸ. ಹದಿನೈದು, ಕೆಲವು ಕಡೆ ಇಪ್ಪತ್ತು ಮೀಟರು ಎತ್ತರ, ಎಂದರೆ ನಾಲ್ಕೈದು ಅಂತಸ್ತಿನ ಮನೆಯಷ್ಟು. ಅಲ್ಲಿನ ಜನ ಇದನ್ನು ಲೆಚೋಸೊ ಎನ್ನುತ್ತಾರೆ, ‘ಹಾಲುಳ್ಳದ್ದು’ ಎಂದರ್ಥ. ಬುಡದಿಂದ ಬಹುದೂರ ಕೊಂಬೆಯಿಲ್ಲದೆ ಏರಿ, ತುದಿಯಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ. ಒಂದರ ಛತ್ರಿ ಇನ್ನೊಂದಕ್ಕೆ ತಾಗಿ ಮೇಲೆ ಒಂದೇ ಮಟ್ಟದ ಹಸಿರು ಚಪ್ಪರ. ಕಾಂಡಕ್ಕೂ ಕೊಂಬೆಗೂ ಹಾವಸೆ, ಜರಿಗಿಡ, ಸೀತಾಳೆಗಳ ಹೊದಿಕೆ. ಮಂಜು ಬಂದಾಗ ಈ ಹಾವಸೆಯ ಗಡ್ಡಗಳೇ ನೀರನ್ನು ಹಿಡಿದು ನೆಲಕ್ಕೆ ಇಳಿಸುತ್ತವೆ. ಒಳಗೆ ಹಕ್ಕಿಗಳ ಸಂಸಾರ. ಅವುಗಳಲ್ಲೊಂದು ಫಿಂಚು ಮರಕುಟಿಗನ ಕೆಲಸ ಮಾಡುತ್ತದೆ. ಆದರೆ ಮರಕುಟಿಗನ ಉದ್ದ ನಾಲಗೆ ಅದಕ್ಕಿಲ್ಲ. ಆದ್ದರಿಂದ ಕೊಕ್ಕಿನಲ್ಲಿ ಒಂದು ಕಡ್ಡಿಯನ್ನೋ ಕಳ್ಳಿಮುಳ್ಳನ್ನೋ ಹಿಡಿದು ತೊಗಟೆಯ ಸಂದಿನಿಂದ ಹುಳುವನ್ನು ಕೆದಕಿ ತೆಗೆಯುತ್ತದೆ. ಆಯುಧ ಹಿಡಿಯುವ ಹಕ್ಕಿಗಳು ಲೋಕದಲ್ಲಿ ಬೆರಳೆಣಿಕೆಯಷ್ಟು.

ಈ ಮರ ಮರವೇ ಹೌದೆ ಎಂದು ಬಡಗಿಯನ್ನು ಕೇಳಿದರೆ ಆತ ನಕ್ಕಾನು. ಚೌಬೀನೆ ಮೆತ್ತಗೆ, ನಡುವೆ ಬೆಂಡು. ಎಷ್ಟಾದರೂ ಸೂರ್ಯಕಾಂತಿಯ ದಂಟಿನ ವಂಶ. ಬೆಳೆಯುವುದೂ ದಂಟಿನ ವೇಗದಲ್ಲೇ. ಕೆಲವೇ ವರ್ಷಗಳಲ್ಲಿ ಹೂಬಿಟ್ಟು ಕಾಡಿನ ಎತ್ತರ ಮುಟ್ಟುತ್ತದೆ. ಆಯುಸ್ಸು ಹದಿನೈದು ಇಪ್ಪತ್ತು ವರ್ಷ. ನಮ್ಮ ಆಲ, ಅರಳಿ, ಹುಣಿಸೆಗಳ ಎದುರು ಇದೊಂದು ಆಯುಸ್ಸೇ? ಅದೂ ಅಲ್ಲದೆ ಈ ಕಾಡಿನಲ್ಲಿ ಅಜ್ಜ, ತಂದೆ, ಮಗ ಒಟ್ಟಿಗೆ ಇರುವ ವಾಡಿಕೆಯಿಲ್ಲ. ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಮುಪ್ಪಾಗಿ ಹೆಚ್ಚುಕಡಿಮೆ ಒಟ್ಟಿಗೇ ಉರುಳುತ್ತವೆ. ತಾಯಿಯ ನೆರಳಿನಲ್ಲಿ ಸಸಿ ಏಳುವುದಿಲ್ಲ. ಅದಕ್ಕೆ ಬಿಸಿಲು ಬೇಕು. ತಾಯಿ ಬಿದ್ದ ಮೇಲೆಯೇ ಮಗುವಿನ ಸರದಿ.

೧೯೮೨-೮೩ರಲ್ಲಿ ಎಲ್ ನೀನ್ಯೋ ಬಂತು. ಕೆಲವು ವರ್ಷಗಳಿಗೊಮ್ಮೆ ಶಾಂತಸಾಗರದ ನೀರು ಬಿಸಿಯಾಗಿ ಲೋಕದ ಮಳೆಯ ಲೆಕ್ಕವನ್ನೆಲ್ಲ ಏರುಪೇರು ಮಾಡುವ ವಿದ್ಯಮಾನ ಇದು. ನಮ್ಮ ಮುಂಗಾರು ಕೈಕೊಟ್ಟ ಎಷ್ಟೋ ವರ್ಷಗಳಲ್ಲಿ ಇದರ ಕೈವಾಡ ಉಂಟು. ನಮಗೆ ಬರ ತರುವ ಇದೇ ಗಾಳಿ ಗಲಾಪಗೋಸಿಗೆ ಪ್ರಳಯದ ಮಳೆ ತರುತ್ತದೆ. ಆ ಸಲ ಸಾಂತಾ ಕ್ರೂಸಿನ ಬೆಟ್ಟದ ಮೇಲೆ ಮಳೆ ಹೊಯ್ದು ದೊಡ್ಡ ಮರಗಳಲ್ಲಿ ಬಹುಪಾಲು ಸತ್ತು ಬಿದ್ದವು. ನೋಡಿದವರಿಗೆ ಕಾಡಿನ ಕಥೆ ಮುಗಿಯಿತೆಂದು ಅನ್ನಿಸಿದ್ದರೆ ಸೋಜಿಗವಿಲ್ಲ. ಆದರೆ ತೆರೆದ ನೆಲದ ಮೇಲೆ ಬಿಸಿಲು ಬಿದ್ದದ್ದೇ ತಡ, ರಾಗಿಯ ಒಟ್ಟಲು ಪಾತಿಯಂತೆ ಸಸಿಗಳು ಒತ್ತೊತ್ತಾಗಿ ಎದ್ದವು. ತಮ್ಮತಮ್ಮಲ್ಲೇ ಹೋರಾಡಿ, ಸೋತವು ಸತ್ತು, ಗೆದ್ದವು ಮತ್ತೆ ಕಾಡಾದವು. ಸಾವು ಈ ಕಾಡಿಗೆ ಕೇಡಲ್ಲ, ಪದ್ಧತಿ. ಒಂದು ಷರತ್ತು ಮಾತ್ರ ಇದೆ: ಹಳೆಯದು ಬಿದ್ದ ಮೇಲೆ ಹೊಸದು ಏಳುವವರೆಗೆ ಆ ನೆಲ ಖಾಲಿಯಾಗಿರಬೇಕು. ಈಗಿನ ಆಪತ್ತೆಲ್ಲ ಈ ಷರತ್ತಿನಲ್ಲಿದೆ.

ಮನುಷ್ಯ ಬರುವ ಮುನ್ನ ಈ ದ್ವೀಪಗಳಲ್ಲಿ ಎಲೆ ತಿನ್ನುವ ದೊಡ್ಡ ಪ್ರಾಣಿಯೆಂದರೆ ಆಮೆ, ಉಡದಂಥ ಇಗ್ವಾನ, ಇಷ್ಟೆ. ಕಡಲುಗಳ್ಳರೂ ತಿಮಿಂಗಿಲ ಬೇಟೆಗಾರರೂ ಆಡುಗಳನ್ನು ತಂದುಬಿಟ್ಟರು. ಅಮೆರಿಕದ ನೌಕಾದಳದ ಪೋರ್ಟರ್ ಎಂಬ ನಾಯಕ ೧೮೧೩ರಲ್ಲಿ ಸಾಂಟಿಯಾಗೋ ದ್ವೀಪದಲ್ಲಿ ಮೇಯಲು ಬಿಟ್ಟ ಕೆಲವು ಆಡುಗಳು ತಿರುಗಿ ಬರಲೇ ಇಲ್ಲವೆಂದು ಹೇಳುತ್ತಾರೆ. ಅವು ಬರಲಿಲ್ಲ ನಿಜ, ಬೆಳೆದವು. ಆ ದ್ವೀಪದ ಸ್ಕಲೇಸಿಯ ಪೊದೆಗಳು ಆಡಿನ ಬಾಯಿ ಎಟುಕದ ಕಲ್ಲಿನ ಸಂದುಗಳಲ್ಲಿ ಬೆರಳೆಣಿಕೆಯಷ್ಟು ಉಳಿದುಕೊಂಡವು. ಕೊನೆಗೆ ೨೦೦೬ರ ಹೊತ್ತಿಗೆ ಸಾಂಟಿಯಾಗೋದಿಂದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಆಡುಗಳನ್ನು ಕೊಂದು ತೆಗೆಯಬೇಕಾಯಿತು. ಕೊನೆಕೊನೆಯ ಆಡುಗಳನ್ನು ಹುಡುಕಲು ಮಾಡಿದ ಉಪಾಯ ರೇಡಿಯೋ ಮನೆಯಲ್ಲಿಟ್ಟುಕೊಂಡವರಿಗೆ ಸ್ವಾರಸ್ಯವೆನಿಸಬಹುದು. ಒಂದು ಆಡಿನ ಕೊರಳಿಗೆ ಪುಟ್ಟ ರೇಡಿಯೋ ಪ್ರೇಷಕವನ್ನು ಕಟ್ಟಿ ಬಿಡುವುದು. ಆಡು ಒಂಟಿಯಾಗಿರಲಾರದು, ಅಡಗಿದ ಜೊತೆಗಾರರನ್ನು ತಾನೇ ಹುಡುಕಿಕೊಂಡು ಹೋಗಿ ಸೇರುತ್ತದೆ. ಹಿಂದೆಯೇ ಆ ಧ್ವನಿಯ ಜಾಡು ಹಿಡಿದು ಬೇಟೆಗಾರರು. ಕೆಲಸ ಕ್ರೂರವೆಂದು ಮನಸ್ಸು ಹೇಳುತ್ತದೆ. ಆದರೆ ಆಡುಗಳು ಹೋದ ಮೇಲೆ ಅಲ್ಲಿ ಹಸಿರು ಮರಳಿತು ಎಂಬುದೂ ನಿಜ.

ಸಾಂತಾ ಕ್ರೂಸಿನ ಕಥೆ ಬೇರೆ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ರೈತರಿಗೆ ಒಳ್ಳೆಯ ಮಣ್ಣೂ ತೇವವೂ ಬೇಕಿತ್ತು. ಅವೆರಡೂ ಇದ್ದುದು ಸ್ಕಲೇಸಿಯ ಬೆಳೆದ ಪಟ್ಟಿಯಲ್ಲೇ. ಕಾಡು ಕಡಿದು ಬಾಳೆ, ಕಾಫಿ, ದನಗಳ ಹುಲ್ಲುಗಾವಲು ಮಾಡಿದರು. ಹೊಟ್ಟೆಪಾಡಿಗೆ ಬಂದವರನ್ನು ದೂರಿ ಫಲವಿಲ್ಲ. ಕೊಡಗು ಚಿಕ್ಕಮಗಳೂರುಗಳ ಬೆಟ್ಟದಲ್ಲಿ ನಡೆದದ್ದೂ ಇದೇ ತಾನೆ. ೧೯೫೯ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಡಿತ ನಿಂತಿತು. ಆದರೆ ಆ ದ್ವೀಪದಲ್ಲಿ ಹಿಂದಿದ್ದ ಸ್ಕಲೇಸಿಯ ಕಾಡಿನಲ್ಲಿ ಇಂದು ನೂರಕ್ಕೆ ಐದು ಪಾಲೂ ಉಳಿದಿಲ್ಲ. ಉಳಿದುದರ ಮುಖ್ಯ ಭಾಗ ಲಾಸ್ ಹೆಮೆಲೋಸ್, ಎಂದರೆ ‘ಅವಳಿಗಳು’, ಎಂಬ ಎರಡು ದೊಡ್ಡ ಕುಳಿಗಳ ಸುತ್ತಮುತ್ತ ಇದೆ.

ಉಳಿದ ಆ ತುಣುಕಿಗೂ ನೆಮ್ಮದಿಯಿಲ್ಲ. ಅದನ್ನು ಕಾಡುತ್ತಿರುವುದು ಒಂದು ಮುಳ್ಳಿನ ಹಂಬು. ಬೂದಿ ಬಳಿದಂತೆ ಬೆಳ್ಳಗಿನ ಕಾಂಡ, ಕೊಕ್ಕೆಮುಳ್ಳು, ಮಾಗಿದಾಗ ಕೆಂಪಿನಿಂದ ಕಪ್ಪಿಗೆ ತಿರುಗುವ ಗುಚ್ಛದ ಹಣ್ಣು. ಶಾಸ್ತ್ರೀಯ ಹೆಸರು ರೂಬಸ್ ನಿವಿಯಸ್. ಇದರ ಇಂಗ್ಲಿಷ್ ಹೆಸರು ಏನೆಂದು ಕೇಳಿದರೆ ನಾವು ಸ್ವಲ್ಪ ತಲೆತಗ್ಗಿಸಬೇಕಾದೀತು: ‘ಮೈಸೂರ್ ರಾಸ್ಪ್‌ಬೆರಿ’! ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯ ಸಮೀಕ್ಷೆಯಲ್ಲಿದ್ದು ಲಾಲ್‌ಬಾಗನ್ನೂ ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಸಂಗ್ರಹಿಸಿದ ಗಿಡಗಳನ್ನು ಆಧರಿಸಿ ರಾತ್ ಎಂಬ ಜರ್ಮನ್ ಪಂಡಿತ ೧೮೨೧ರಲ್ಲಿ ಇದಕ್ಕೆ ‘ಮೈಸೊರೆನ್ಸಿಸ್’ ಎಂಬ ಹೆಸರನ್ನೇ ಪ್ರಕಟಿಸಿದ್ದ. ಅದಕ್ಕೂ ಎಂಟು ವರ್ಷ ಹಿಂದೆ ಥುನ್‌ಬರ್ಗ್ ಕೊಟ್ಟಿದ್ದ ನಿವಿಯಸ್ ಎಂಬ ಹೆಸರು ಇದ್ದುದರಿಂದ ಮೇಲೆ ಹೇಳಿದ ಅದೇ ಕಾನೂನಿನ ಪ್ರಕಾರ ಮೈಸೂರಿನ ಹೆಸರು ಬಿದ್ದುಹೋಯಿತು. ಭಾರತದಿಂದ ಚೀನದವರೆಗೆ ಏಷ್ಯದ ಬೆಟ್ಟಗಳಲ್ಲಿ ಬೆಳೆಯುವ ಗಿಡವಾದ್ದರಿಂದ ಗಲಾಪಗೋಸಿಗೆ ಹೋದದ್ದು ನಮ್ಮ ಘಟ್ಟದ್ದೇ ಎನ್ನಲು ಆಧಾರವಿಲ್ಲ. ಹಣ್ಣಿಗೆಂದು ಅದನ್ನು ತಂದದ್ದು ೧೯೬೦ರ ದಶಕದ ಕೊನೆಯಲ್ಲಿ. ಹಣ್ಣು ರುಚಿಯಾಗಿದೆ, ಹಕ್ಕಿಗಳಿಗೂ ಹಾಗೇ ಅನ್ನಿಸಿತು. ಅವು ತಿಂದು ಬೀಜವನ್ನು ಕಾಡಿನೊಳಕ್ಕೆ ಒಯ್ದವು.

ಈಗ ಮುದಿ ಸ್ಕಲೇಸಿಯ ಬಿದ್ದಾಗ ನೆಲ ಖಾಲಿಯಿರುವುದಿಲ್ಲ. ಆಳೆತ್ತರದ ಮುಳ್ಳುಹಂಬು ಮೊದಲೇ ಹಬ್ಬಿ ಕುಳಿತಿರುತ್ತದೆ. ಬಿಸಿಲು ಬಿದ್ದರೆ ಅದು ಇನ್ನಷ್ಟು ಕೊಬ್ಬುತ್ತದೆ. ಅದರ ಕೆಳಗಿನ ಕತ್ತಲಲ್ಲಿ ಸ್ಕಲೇಸಿಯದ ಸಸಿ ಕಣ್ಣು ಬಿಡಲಾರದು. ನೂರಾರು ವರ್ಷ ಬಾಳುವ ಮರವಾಗಿದ್ದರೆ ಕಾಯಬಹುದಿತ್ತು. ಹದಿನೈದು ಇಪ್ಪತ್ತು ವರ್ಷದ ಆಯುಸ್ಸಿನ ಮರ ಎಷ್ಟು ದಿನ ಕಾದೀತು? ಒಂದು ತಲೆಮಾರು ತಪ್ಪಿದರೆ ವಂಶವೇ ತಪ್ಪಿತು. ಕಳೆಯನ್ನು ಕೀಳದೆ ಬಿಟ್ಟರೆ ಲಾಸ್ ಹೆಮೆಲೋಸಿನ ಕಾಡು ಇಪ್ಪತ್ತು ವರ್ಷದೊಳಗೆ ಇಲ್ಲವಾಗಬಹುದೆಂದು ೨೦೨೪ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ನಾವು ಲಂಟಾನದಿಂದ ಪಟ್ಟ ಪಾಡನ್ನು ನೆನೆದರೆ ಇದು ನಮಗೆ ಸುಲಭವಾಗಿ ಅರ್ಥವಾಗುವ ಸಂಕಟ. ಅಮೆರಿಕದ ಲಂಟಾನ ನಮ್ಮ ಬಂಡೀಪುರವನ್ನು ಹೊಕ್ಕಿದೆ; ಏಷ್ಯದ ಈ ಹಂಬು ಅವರ ಕಾಡನ್ನು ಹೊಕ್ಕಿದೆ. ಗಲಾಪಗೋಸಿಗೆ ಲಂಟಾನವೂ ಹೋಗಿದೆ ಎಂಬುದು ಗಾಯದ ಮೇಲಿನ ಬರೆ.

ಹಾಗಾದರೆ ಕಿತ್ತು ಹಾಕಬಾರದೇಕೆ? ಕೀಳುತ್ತಿದ್ದಾರೆ. ಉದ್ಯಾನದ ಕೆಲಸಗಾರರು ಮಚ್ಚಿನಿಂದ ಕಡಿದು, ಚಿಗುರು ಬಂದಾಗ ಔಷಧಿ ಹೊಡೆದು, ಮತ್ತೆ ಮತ್ತೆ ಅದೇ ಜಾಗಕ್ಕೆ ಬರಬೇಕು. ಹಂಬಿನ ಬೀಜ ಮಣ್ಣಿನಲ್ಲಿ ಹಲವು ವರ್ಷ ಬದುಕಿರುತ್ತದೆ. ತೊಡಕು ಇನ್ನೊಂದಿದೆ. ಫಿಂಚ್ ಹಕ್ಕಿಗಳು ಕೆಳಗಿನ ಪೊದೆಯಲ್ಲಿ ಮರಿಗಳಿಗೆ ಹುಳು ಹುಡುಕುತ್ತವೆ. ಹಂಬನ್ನು ಒಮ್ಮೆಗೇ ತೆಗೆದರೆ ಮೊದಲ ಒಂದೆರಡು ವರ್ಷ ಹುಳು ಕಡಿಮೆಯಾಗಿ ಮರಿಗಳು ಸೊರಗುತ್ತವೆ. ಆ ಮರಿಗಳ ರಕ್ತ ಹೀರುವ ಪರದೇಶಿ ನೊಣವೊಂದು ಗೂಡುಗಳಲ್ಲಿರುವುದು ೧೯೯೭ರಲ್ಲಿ ಪತ್ತೆಯಾಗಿದೆ. ಹೊಟ್ಟೆಗಿಲ್ಲದ ಮರಿ ಅದರ ಹಾವಳಿಯನ್ನು ತಡೆಯಲಾರದು. ಕಳೆ ತೆಗೆದರೆ ಇಂದಿನ ಹಕ್ಕಿಗೆ ತೊಂದರೆ, ತೆಗೆಯದಿದ್ದರೆ ನಾಳೆಯ ಕಾಡಿಗೆ ಅಳಿವು. ಕಾಡು ಹೋದ ಮೇಲೆ ಹಕ್ಕಿ ಎಲ್ಲಿ ಕೂತೀತು ಎಂಬ ವಾದದಲ್ಲಿ ನನಗೆ ಹೆಚ್ಚು ಬಲ ಕಾಣುತ್ತದೆ. ಅಲ್ಲಿನ ಅಭ್ಯಾಸಿಗಳೂ ತೆಗೆಯುವ ಪಕ್ಷದಲ್ಲೇ ಇದ್ದಾರೆ.

ಇನ್ನೊಂದು ದಾರಿಯನ್ನೂ ಹುಡುಕುತ್ತಿದ್ದಾರೆ. ತವರಿನಲ್ಲಿ ಈ ಹಂಬು ಅಷ್ಟು ಪುಂಡಾಟ ಮಾಡುವುದಿಲ್ಲ, ಏಕೆಂದರೆ ಇಲ್ಲಿ ಅದಕ್ಕೆ ಹಗೆಗಳಿವೆ. ಅಂಥ ಹಗೆಗಳಾದ ತುಕ್ಕುರೋಗದ ಶಿಲೀಂಧ್ರ ಮೊದಲಾದವನ್ನು ಏಷ್ಯದ ಬೆಟ್ಟಗಳಲ್ಲಿ ಅರಸಿ, ಅವು ಬೇರೆ ಯಾವ ಗಿಡವನ್ನೂ ಮುಟ್ಟುವುದಿಲ್ಲವೆಂದು ಪ್ರಯೋಗಶಾಲೆಯಲ್ಲಿ ಖಾತ್ರಿ ಮಾಡಿಕೊಂಡು, ಆಮೇಲೆ ದ್ವೀಪಕ್ಕೆ ಒಯ್ಯಬೇಕೆಂಬ ಯೋಚನೆ. ಇಂಥ ಪರೀಕ್ಷೆಗಳಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಅವಸರದಲ್ಲಿ ಬಿಟ್ಟ ಹೊಸ ಜೀವಿ ಹೊಸ ಪೀಡೆಯಾದ ಉದಾಹರಣೆಗಳು ಬೇಕಾದಷ್ಟಿವೆ. ಅಲ್ಲಿಯವರೆಗೆ ಮಚ್ಚೇ ಗತಿ. ಲಾಸ್ ಹೆಮೆಲೋಸಿನಲ್ಲಿ ಗುರುತು ಹಾಕಿ ಅಳೆದಿಟ್ಟ ತುಂಡುನೆಲಗಳಿವೆ. ಕೆಲವದರಲ್ಲಿ ಹಂಬನ್ನು ತಪ್ಪದೆ ತೆಗೆಯುತ್ತಾರೆ, ಕೆಲವನ್ನು ಹೋಲಿಕೆಗಾಗಿ ಹಾಗೇ ಬಿಟ್ಟಿದ್ದಾರೆ. ತೆಗೆದ ಕಡೆ ಬಿದ್ದ ಮರಗಳ ನಡುವೆ ಸ್ಕಲೇಸಿಯದ ಎಳೆಯ ಸಸಿಗಳು ಎದ್ದಿವೆ. ಬಿಟ್ಟ ಕಡೆ ಮರಗಳು ವರ್ಷ ವರ್ಷವೂ ಕಡಿಮೆಯಾಗುತ್ತ ಬಂದಿವೆ.